ಪುರಸಭೆಯ ನೆಲದಡಿಯ ನೀರಿನ ಪೈಪುಗಳಿಗೆ ನಕ್ಷೆ ಮಾಡುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ ಕೇಳಿದವರು: ಬಯಲುಸೀಮೆ_ಜೆಇ

ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಪುರಸಭೆಯಲ್ಲಿ ಎರಡು ವರ್ಷಗಳಿಂದ ಕಿರಿಯ ಎಂಜಿನಿಯರ್ ಆಗಿದ್ದೇನೆ. ನಮ್ಮದು 23 ವಾರ್ಡುಗಳ ಊರು. ಮೂರು ಓವರ್‌ಹೆಡ್ ಟ್ಯಾಂಕುಗಳಿದ್ದು, ನಾಲ್ಕು ದಿನಕ್ಕೊಮ್ಮೆ ಸರದಿಯಂತೆ ವಾರ್ಡುಗಳಿಗೆ ನೀರು ಬಿಡುತ್ತೇವೆ.

ಕಳೆದ ತಿಂಗಳು ಮುಖ್ಯರಸ್ತೆಯ ಬದಿಯಲ್ಲಿ ಕೇಬಲ್ ಹಾಕಲು ಬಂದ ಜೆಸಿಬಿ ನಮ್ಮ 150 ಮಿಲಿಮೀಟರ್ ವ್ಯಾಸದ ಹಳೆಯ ಎಸಿ (ಆಸ್ಬೆಸ್ಟಾಸ್ ಸಿಮೆಂಟ್) ಪೈಪನ್ನು ಒಡೆಯಿತು. ನೀರು ನಿಲ್ಲಿಸಲು ಯಾವ ವಾಲ್ವ್ ಮುಚ್ಚಬೇಕೆಂಬುದು ಕಚೇರಿಯಲ್ಲಿದ್ದ ಯಾರಿಗೂ ತಿಳಿದಿರಲಿಲ್ಲ. ಕಪಾಟಿನಲ್ಲಿದ್ದ ಒಂದೇ ಒಂದು ನೀಲಿ ನಕ್ಷೆಯಲ್ಲಿ ಆ ರಸ್ತೆಯೇ ಇರಲಿಲ್ಲ. ಕೊನೆಗೆ, ಎಂಟು ವರ್ಷಗಳ ಹಿಂದೆ ನಿವೃತ್ತರಾದ ನಮ್ಮ ವಾಲ್ವ್‌ಮನ್ ಒಬ್ಬರನ್ನು ಮನೆಯಿಂದ ಕರೆಸಿದೆವು. ನಾವೆಲ್ಲರೂ ಅವರನ್ನು ಕಾಕಾ ಎಂದೇ ಕರೆಯುವುದು. ಅವರು ಹಳೆಯ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ನಿಂತು, ಎದುರಿನ ಬೇವಿನ ಮರದ ಕಡೆಗೆ ಮುಖಮಾಡಿ ಹದಿನಾಲ್ಕು ಹೆಜ್ಜೆ ನಡೆದು, ಡಾಂಬರಿನ ಮೇಲೆ ಕೋಲೂರಿ "ಇಲ್ಲೇ ಅಗೀರಿ" ಎಂದರು. ಎರಡು ಪದರ ಡಾಂಬರಿನ ಕೆಳಗೆ ಚೇಂಬರಿನ ಮುಚ್ಚಳ ಸಿಕ್ಕಿತು. ಅವರು ಕೋಲೂರಿದ ಜಾಗಕ್ಕೂ ಮುಚ್ಚಳದ ನಡುವಿಗೂ ಒಂದು ಅಡಿಗಿಂತ ಹೆಚ್ಚು ಅಂತರವಿರಲಿಲ್ಲ. ಅಷ್ಟರಲ್ಲಿ ಒಂಬತ್ತು ಗಂಟೆ ಕಳೆದಿತ್ತು, ಮೂರು ವಾರ್ಡುಗಳ ಸರದಿ ತಪ್ಪಿಹೋಗಿತ್ತು.

ಕಾಕಾ ಅವರಿಗೆ ಈಗ 68 ವರ್ಷ. ಮಂಡಿನೋವಿನಿಂದ ಹೆಚ್ಚು ದೂರ ನಡೆಯಲಾರರು. ಅವರ ನೆನಪಿನಲ್ಲಿರುವುದನ್ನು ಕಂಪ್ಯೂಟರಿನ ನಕ್ಷೆಗೆ ತರಬೇಕೆಂಬುದು ನನ್ನ ಆಸೆ. ದುಬಾರಿ ತಂತ್ರಾಂಶ ಕೊಳ್ಳಲು ನಮ್ಮಲ್ಲಿ ಅನುದಾನವಿಲ್ಲ. ನನ್ನ ಬಳಿ ಇರುವುದು ಒಂದು ಲ್ಯಾಪ್‌ಟಾಪ್, ಒಂದು ಸಾಮಾನ್ಯ ಮೊಬೈಲ್ ಮತ್ತು 30 ಮೀಟರಿನ ಟೇಪು. ಯಾವ ಸಾಧನ ಬಳಸಬೇಕು, ಮೊಬೈಲಿನ ಜಿಪಿಎಸ್ ಈ ಕೆಲಸಕ್ಕೆ ಸಾಕೇ, ಪ್ರತಿ ಪೈಪಿನ ಬಗ್ಗೆ ಏನೇನು ದಾಖಲಿಸಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು. ಇನ್ನೊಂದು ಆತಂಕವೂ ಇದೆ. ನಾನು ವರ್ಗವಾಗಿ ಹೋದ ಮೇಲೆ ಈ ನಕ್ಷೆಯೂ ಆ ನೀಲಿ ನಕ್ಷೆಯಂತೆ ಕಪಾಟು ಸೇರಬಾರದು. ಅದಕ್ಕೆ ಏನು ಮಾಡಬೇಕು?

---

ಉತ್ತರ 1: ನಕ್ಷೆಗಾರ

ನಿಮ್ಮ ಬಳಿ ಇರುವ ಮೂರು ವಸ್ತುಗಳು ಆರಂಭಕ್ಕೆ ಸಾಕು. ಲ್ಯಾಪ್‌ಟಾಪಿನಲ್ಲಿ ಕ್ಯೂಜಿಐಎಸ್ ಹಾಕಿಕೊಳ್ಳಿ. ಅದು ನಕ್ಷೆ ಮಾಡಲೆಂದು 2002ರಲ್ಲಿ ಆರಂಭವಾದ ಮುಕ್ತ ತಂತ್ರಾಂಶ, ಪರವಾನಗಿಗೆ ಒಂದು ರೂಪಾಯಿಯೂ ಬೇಕಿಲ್ಲ. ಮೊಬೈಲಿನಲ್ಲಿ ಅದರ ಜೊತೆಗಾರ ಕ್ಯೂಫೀಲ್ಡ್ ಹಾಕಿಕೊಂಡರೆ, ಕಚೇರಿಯಲ್ಲಿ ಸಿದ್ಧಪಡಿಸಿದ ಪದರಗಳನ್ನೇ (ವಾಲ್ವು, ಪೈಪು ಎಂಬಂತೆ ಒಂದೊಂದು ಬಗೆಯ ಮಾಹಿತಿಗೆ ಒಂದೊಂದು ಪದರ) ರಸ್ತೆಯಲ್ಲಿ ನಿಂತು ತುಂಬಬಹುದು. ನೆಟ್‌ವರ್ಕ್ ಇಲ್ಲದಿದ್ದರೂ ಅದು ಕೆಲಸ ಮಾಡುತ್ತದೆ, ಪ್ರತಿ ಬಿಂದುವಿಗೂ ಫೋಟೊ ಜೋಡಿಸಬಹುದು. ವಾರ್ಡಿನ ಗಡಿಗಳಂಥ ಹಿನ್ನೆಲೆ ಮಾಹಿತಿಗಾಗಿ ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರದ ಕೆ-ಜಿಐಎಸ್ ತಾಣವನ್ನು ನೋಡಿ. ನಗರಗಳ ಆಸ್ತಿ ಸಮೀಕ್ಷೆಗೆಂದು ಕೇಂದ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಆರಂಭಿಸಿದ 'ನಕ್ಷಾ' ಯೋಜನೆಗೆ ಆಯ್ಕೆಯಾದ ಊರುಗಳಲ್ಲಿ ನಿಮ್ಮ ಊರೂ ಇದ್ದರೆ, ವಿಮಾನದಿಂದ ತೆಗೆದ ಸೂಕ್ಷ್ಮ ಚಿತ್ರ ಸಿಗುತ್ತದೆಯೇ ಎಂದು ವಿಚಾರಿಸಿ. ಅದು ಸಿಕ್ಕರೆ ಅರ್ಧ ಶ್ರಮ ಉಳಿಯುತ್ತದೆ.

ಇನ್ನು ಜಿಪಿಎಸ್ ವಿಷಯ. ಆಕಾಶ ಪೂರ್ತಿ ತೆರೆದಿರುವ ಕಡೆ ಮೊಬೈಲು ತೋರಿಸುವ ಸ್ಥಾನದಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಮೀಟರ್ ತಪ್ಪಿರುತ್ತದೆ. ಎರಡೂ ಬದಿಗೆ ಮಾಳಿಗೆ ಮನೆಗಳಿರುವ ಓಣಿಯಲ್ಲಿ ಗೋಡೆಗಳಿಗೆ ಬಡಿದು ಬರುವ ಸಂಕೇತದಿಂದಾಗಿ ಅದು ಹತ್ತು ಮೀಟರ್ ಮೀರಬಹುದು. ಆರು ಮೀಟರ್ ಅಗಲದ ರಸ್ತೆಯಲ್ಲಿ ಐದು ಮೀಟರ್ ತಪ್ಪಾದರೆ ಪೈಪು ಎಡಬದಿಗಿದೆಯೋ ಬಲಬದಿಗಿದೆಯೋ ಎಂಬುದೇ ತಿಳಿಯುವುದಿಲ್ಲ. ಆದ್ದರಿಂದ ಮೊಬೈಲನ್ನು ಯಾವ ಓಣಿ, ಯಾವ ತಿರುವು ಎಂದು ಗುರುತಿಸಲು ಮಾತ್ರ ಬಳಸಿ, ನಿಖರತೆಯನ್ನು ಟೇಪಿನಿಂದ ಪಡೆಯಿರಿ.

ಅದಕ್ಕೆ ಕಾಕಾ ಅವರು ಗಿರಣಿಯ ಕಟ್ಟೆಯಿಂದ ಮಾಡಿದ್ದೇ ದಾರಿ. ಬೇಗನೆ ಬದಲಾಗದ ಮೂರು ಗುರುತುಗಳಿಂದ, ಅಂದರೆ ಕಟ್ಟಡದ ಮೂಲೆ, ದೇವಸ್ಥಾನದ ಕಂಬ, ಸೇತುವೆಯ ತಡೆಗೋಡೆಯಂಥವುಗಳಿಂದ, ವಾಲ್ವಿನ ನಡುವಿಗೆ ಟೇಪು ಹಿಡಿದು ಮೂರು ಅಳತೆ ಬರೆದುಕೊಳ್ಳಿ. ಎರಡೇ ಅಳತೆ ತೆಗೆದರೆ ನಕ್ಷೆಯಲ್ಲಿ ಎರಡು ವೃತ್ತಗಳು ಎರಡು ಕಡೆ ಕೂಡುತ್ತವೆ, ಅವುಗಳಲ್ಲಿ ಯಾವುದು ನಿಜವೆಂದು ಆಮೇಲೆ ನೆನಪಿರುವುದಿಲ್ಲ. ಮೂರನೆಯ ಅಳತೆ ಆ ಗೊಂದಲವನ್ನು ಕಳೆಯುತ್ತದೆ, ಮೊದಲಿನ ಎರಡರಲ್ಲಿ ತಪ್ಪಿದ್ದರೆ ಅದನ್ನೂ ತೋರಿಸಿಕೊಡುತ್ತದೆ. ಮರವನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಅದೇ. ಉಪಗ್ರಹ ಚಿತ್ರಗಳೂ ಕೆಲವು ಮೀಟರ್ ಜರುಗಿರುವುದುಂಟು. ಹಾಗಾಗಿ ಗುರುತುಗಳ ಸ್ಥಾನವನ್ನು ಚಿತ್ರದಿಂದಲೇ ತೆಗೆದುಕೊಳ್ಳುವುದಾದರೆ ಇಡೀ ಊರಿಗೆ ಒಂದೇ ಚಿತ್ರವನ್ನು ಬಳಸಿ. ಜಿಲ್ಲಾ ಕೇಂದ್ರದಿಂದ ಎರಡು ದಿನದ ಮಟ್ಟಿಗೆ ಆರ್‌ಟಿಕೆ ರೋವರ್ ಎಂಬ ಸೂಕ್ಷ್ಮ ಜಿಪಿಎಸ್ ಉಪಕರಣ ಸಿಕ್ಕರೆ ಬಹಳ ಒಳ್ಳೆಯದು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೋರ್ಸ್ (ಸದಾ ಚಾಲೂ ಇರುವ ಸ್ಥಿರ ಜಿಪಿಎಸ್ ಕೇಂದ್ರಗಳ) ಜಾಲಕ್ಕೆ ಅದನ್ನು ಜೋಡಿಸಿದರೆ ಕೆಲವೇ ಸೆಂಟಿಮೀಟರ್ ನಿಖರತೆ ಸಿಗುತ್ತದೆ. ಆ ಎರಡು ದಿನವನ್ನು ವಾಲ್ವುಗಳಿಗೆ ಖರ್ಚು ಮಾಡದೆ ಟೇಪಿನ ಗುರುತುಗಳಿಗೆ ಖರ್ಚು ಮಾಡಿ.

ಹೊಸಬರು ಮುಗ್ಗರಿಸುವ ಮೂರು ಕಡೆಗಳನ್ನು ಹೇಳಿಬಿಡುತ್ತೇನೆ. ಮೊದಲನೆಯದು, ಪೈಪಿನ ಪದರವನ್ನು ಅಕ್ಷಾಂಶ-ರೇಖಾಂಶದಲ್ಲಿ ಇಟ್ಟರೆ ಉದ್ದದ ಲೆಕ್ಕ ಡಿಗ್ರಿಯಲ್ಲಿ ಬರುತ್ತದೆ. ಮೀಟರಿನಲ್ಲಿ ಬರಬೇಕಾದರೆ ಭೂಮಿಯನ್ನು ವಲಯಗಳಾಗಿ ಭಾಗಿಸಿ ಮೀಟರಿನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ 43ನೇ ಉತ್ತರ ವಲಯವನ್ನು, ಅಂದರೆ 32643 ಸಂಖ್ಯೆಯ ವ್ಯವಸ್ಥೆಯನ್ನು ಆರಿಸಿಕೊಳ್ಳಿ. ನಮ್ಮ ರಾಜ್ಯದ ಬಹುಭಾಗ ಅದರಲ್ಲೇ ಬರುತ್ತದೆ. ಕೋಲಾರ, ಬಂಗಾರಪೇಟೆ, ಮುಳಬಾಗಿಲಿನಂತೆ 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಊರುಗಳಿಗೆ ಮಾತ್ರ 44ನೇ ವಲಯ. ಎರಡನೆಯದು, ಶೇಪ್‌ಫೈಲ್ ಎಂಬ ಹಳೆಯ ಕಡತ ರೂಪದಲ್ಲಿ ಅಂಕಣದ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ, ಕನ್ನಡದಲ್ಲಿ ಬರೆದ ಮಾಹಿತಿಯೂ ಎಷ್ಟೋ ಸಲ ಚೌಕಾಕಾರದ ಗುರುತುಗಳಾಗಿ ಕಾಣುತ್ತದೆ. ಜಿಯೋಪ್ಯಾಕೇಜ್ ರೂಪದಲ್ಲಿ ಉಳಿಸಿದರೆ ಆ ತೊಂದರೆ ಇಲ್ಲ, ಓಣಿಯ ಹೆಸರನ್ನು ಜನ ಕರೆಯುವಂತೆಯೇ ಕನ್ನಡದಲ್ಲಿ ಬರೆಯಬಹುದು. ಮೂರನೆಯದು, ನಿರ್ದೇಶಾಂಕಗಳನ್ನು ಎಕ್ಸೆಲ್ ಹಾಳೆಗೆ ಹಾಕುವಾಗ ದಶಮಾಂಶದ ನಂತರದ ಅಂಕಿಗಳು ಕತ್ತರಿಸಿಹೋಗದಂತೆ ನೋಡಿಕೊಳ್ಳಿ. ಐದನೆಯ ಅಂಕಿಯ ಬೆಲೆ ನೆಲದ ಮೇಲೆ ಸುಮಾರು 1.1 ಮೀಟರ್, ನಾಲ್ಕನೆಯದರ ಬೆಲೆ 11 ಮೀಟರ್. ನಾನೇ ಒಮ್ಮೆ ನಾಲ್ಕು ಅಂಕಿಗೆ ನಿಂತುಹೋದ ಹಾಳೆಯನ್ನು ನಂಬಿ, ಬೀದಿದೀಪದ ಕಂಬಗಳನ್ನೆಲ್ಲ ಮನೆಗಳ ಒಳಗೆ ನೆಟ್ಟ ನಕ್ಷೆಯನ್ನು ಮುದ್ರಿಸಿ ಸಭೆಗೆ ಕೊಂಡೊಯ್ದಿದ್ದೆ. ಆ ವಾರದ ಕೆಲಸವನ್ನೆಲ್ಲ ಮತ್ತೆ ಮಾಡಬೇಕಾಯಿತು.

ಪೈಪಿನ ಗೆರೆ ಎಳೆಯುವಾಗ ಸ್ನ್ಯಾಪಿಂಗ್ (ಗೆರೆಯ ತುದಿಯನ್ನು ಹತ್ತಿರದ ಗೆರೆಗೆ ತಾನಾಗಿ ಅಂಟಿಸುವ ಸೌಲಭ್ಯ) ಚಾಲೂ ಇರಲಿ. ಒಂದು ಗೆರೆಯ ತುದಿ ಇನ್ನೊಂದಕ್ಕೆ ನಿಜವಾಗಿ ತಾಗಿದ್ದರೆ ಮಾತ್ರ, "ಈ ವಾಲ್ವ್ ಮುಚ್ಚಿದರೆ ಯಾವ ಓಣಿಗಳಿಗೆ ನೀರು ನಿಲ್ಲುತ್ತದೆ" ಎಂಬ ಪ್ರಶ್ನೆಗೆ ಕಂಪ್ಯೂಟರು ಉತ್ತರ ಕೊಡಬಲ್ಲದು. ಕಣ್ಣಿಗೆ ತಾಗಿದಂತೆ ಕಂಡು ಎರಡು ಸೆಂಟಿಮೀಟರ್ ಬಿಟ್ಟಿದ್ದರೂ ಅದು ಬಿಡಿ ಗೆರೆಯೇ ಸರಿ.

---

ಉತ್ತರ 2: ನಿವೃತ್ತ ನೀರು ಸರಬರಾಜು ಎಂಜಿನಿಯರ್

ಮೇಲಿನವರು ತಂತ್ರಾಂಶದ ಬಗ್ಗೆ ಸರಿಯಾಗಿಯೇ ಹೇಳಿದ್ದಾರೆ. ನಾನು 31 ವರ್ಷ ಪೈಪುಗಳ ಜೊತೆ ಕಳೆದವನಾದ್ದರಿಂದ ನೆಲದ ಕಡೆಯಿಂದ ಕೆಲವು ಮಾತು ಹೇಳುತ್ತೇನೆ.

ಮೊದಲು ಕಾಕಾ ಅವರ ವಿಚಾರ. ಅವರನ್ನು ಕಚೇರಿಯಲ್ಲಿ ಕೂಡಿಸಿ, ಮುಂದೆ ನಕ್ಷೆ ಹರಡಿ "ತೋರಿಸಿ" ಎಂದು ಕೇಳಬೇಡಿ. ವಾಲ್ವ್‌ಮನ್‌ಗಳ ತಿಳಿವಳಿಕೆ ಇರುವುದು ನಡಿಗೆಯಲ್ಲಿ ಮತ್ತು ಸಮಯದಲ್ಲಿ. ಯಾವ ವಾಲ್ವ್ ತಿರುವಿದ ಎಷ್ಟು ನಿಮಿಷಕ್ಕೆ ಯಾವ ಮನೆಯ ನಲ್ಲಿ ಉಸುರುತ್ತದೆ, ಯಾವ ಓಣಿಯ ತುದಿಗೆ ನೀರು ಏರುವುದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಮಂಡಿನೋವಿದ್ದರೆ ಒಂದು ಆಟೊ ಮಾಡಿಕೊಳ್ಳಿ. ನೀರು ಬಿಡುವ ದಿನವೇ, ನೀರು ಬಿಡುವ ಕ್ರಮದಲ್ಲಿಯೇ ಊರು ಸುತ್ತಿ, ಅವರು ಹೇಳಿದ್ದನ್ನು ಅವರ ಅನುಮತಿ ಪಡೆದು ಧ್ವನಿಮುದ್ರಿಸಿಕೊಳ್ಳಿ. ಪ್ರತಿ ವಾಲ್ವ್ ಯಾವ ಕಡೆಗೆ ತಿರುವಿದರೆ ಮುಚ್ಚುತ್ತದೆ, ಪೂರ್ತಿ ಮುಚ್ಚಲು ಎಷ್ಟು ಸುತ್ತು ಬೇಕು ಎಂಬುದನ್ನು ತಪ್ಪದೆ ಕೇಳಿ. ಹಳೆಯ ಜಾಲಗಳಲ್ಲಿ ಉಲ್ಟಾ ತಿರುಗುವ ವಾಲ್ವುಗಳು ಇದ್ದೇ ಇರುತ್ತವೆ. ತಿಳಿಯದ ಹುಡುಗರು ಜೋರು ಮಾಡಿ ಅದರ ದಂಡವನ್ನೇ ಮುರಿದುಬಿಡುತ್ತಾರೆ. ಆ ಸುತ್ತಾಟದ ದಿನಗಳಿಗೆ ಅವರಿಗೆ ಗೌರವಧನ ಕೊಡಿಸಲು ಮುಖ್ಯಾಧಿಕಾರಿಗಳ ಬಳಿ ಮಾತನಾಡಿ. ಜೀವಮಾನದ ದುಡಿಮೆಯಿಂದ ಬಂದ ತಿಳಿವಳಿಕೆಯನ್ನು ಪುಕ್ಕಟೆ ಪಡೆಯುವುದು ನ್ಯಾಯವಲ್ಲ.

ಎರಡನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು. ಪೈಪಿನ ವ್ಯಾಸ, ಬಗೆ, ಹಾಕಿದ ವರ್ಷ ಎಂಬ ಅಂಕಣಗಳನ್ನು ಎಲ್ಲರೂ ಇಡುತ್ತಾರೆ. "ಇದು ನಮಗೆ ಹೇಗೆ ತಿಳಿಯಿತು" ಎಂಬ ಅಂಕಣವನ್ನು ಮಾತ್ರ ಯಾರೂ ಇಡುವುದಿಲ್ಲ. ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘವು ಇದಕ್ಕಾಗಿ 2002ರಲ್ಲಿ ಒಂದು ಮಾನದಂಡ ತಂದು 2022ರಲ್ಲಿ ಅದನ್ನು ಪರಿಷ್ಕರಿಸಿತು. ಅದರ ಪ್ರಕಾರ ನೆಲದಡಿಯ ಮಾಹಿತಿಗೆ ನಾಲ್ಕು ದರ್ಜೆಗಳಿವೆ. ಹಳೆಯ ಕಡತದಿಂದಲೋ ಬಾಯಿಮಾತಿನಿಂದಲೋ ಬಂದದ್ದು ಡಿ. ಮೇಲೆ ಕಾಣುವ ಚೇಂಬರು, ಮುಚ್ಚಳಗಳನ್ನು ಅಳೆದು ಅವುಗಳ ನಡುವೆ ಊಹಿಸಿ ಎಳೆದ ಗೆರೆ ಸಿ. ಉಪಕರಣದಿಂದ ನೆಲದ ಮೇಲಿನಿಂದಲೇ ಪತ್ತೆ ಹಚ್ಚಿದ್ದು ಬಿ. ಅಗೆದು, ಕಣ್ಣಾರೆ ಕಂಡು, ಅಳತೆ ಮಾಡಿದ್ದು ಎ. ಈ ಒಂದು ಅಕ್ಷರ ಇಲ್ಲದಿದ್ದರೆ, ಊಹೆಯಿಂದ ಎಳೆದ ಗೆರೆಯೂ ಅಳೆದು ಎಳೆದ ಗೆರೆಯೂ ಪರದೆಯ ಮೇಲೆ ಒಂದೇ ನೀಲಿ ಬಣ್ಣದಲ್ಲಿ ಒಂದೇ ರೀತಿ ಕಾಣುತ್ತವೆ. ಕಾಗದದ ನಕ್ಷೆಯನ್ನು ನೋಡುವವನಿಗೆ ಕನಿಷ್ಠ ಅನುಮಾನವಾದರೂ ಇರುತ್ತಿತ್ತು. ಕಂಪ್ಯೂಟರಿನ ಅಚ್ಚುಕಟ್ಟಾದ ಗೆರೆಯನ್ನು ಜೆಸಿಬಿಯವರು ಪೂರ್ತಿಯಾಗಿ ನಂಬಿಬಿಡುತ್ತಾರೆ. ಆದ್ದರಿಂದ ಡಿ ದರ್ಜೆಯ ಗೆರೆಗಳನ್ನು ಚುಕ್ಕಿಗೆರೆಯಾಗಿ, ಎ ದರ್ಜೆಯವನ್ನು ದಪ್ಪಗೆರೆಯಾಗಿ ತೋರಿಸಿ. ಮೊದಲ ವರ್ಷ ನಿಮ್ಮ ನಕ್ಷೆ ಬಹುತೇಕ ಚುಕ್ಕಿಯೇ ಆಗಿರುತ್ತದೆ, ಅದಕ್ಕೆ ಸಂಕೋಚಪಡಬೇಕಿಲ್ಲ.

ನೆಲದೊಳಗೆ ನೋಡುವ ರೇಡಾರ್ ತರಿಸಿದರೆ ಎಲ್ಲವೂ ಒಂದೇ ದಿನದಲ್ಲಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮದು ಎರೆ ಭೂಮಿ. ಜೇಡಿ ಹೆಚ್ಚಿರುವ ಹಸಿ ಮಣ್ಣು ಆ ಅಲೆಗಳನ್ನು ಬೇಗನೆ ಹೀರಿಕೊಳ್ಳುವುದರಿಂದ ಅವು ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಕೇಬಲ್ ಹುಡುಕುವ ವಿದ್ಯುತ್ಕಾಂತೀಯ ಉಪಕರಣಕ್ಕೆ ಲೋಹದ ಪೈಪು ಸಿಗುತ್ತದೆ, ಪಿವಿಸಿ ಮತ್ತು ಎಸಿ ಪೈಪುಗಳು ಸಿಗುವುದಿಲ್ಲ. ಇನ್ನು ಮುಂದೆ ಪ್ಲಾಸ್ಟಿಕ್ ಪೈಪು ಹಾಕಿಸುವಾಗಲೆಲ್ಲ ಅದರ ಜೊತೆಗೆ ಒಂದು ತಾಮ್ರದ ತಂತಿಯನ್ನೂ ಹೂಳಿಸಿ, ಇಪ್ಪತ್ತು ವರ್ಷದ ನಂತರ ಹುಡುಕುವವರಿಗೆ ಉಪಕಾರವಾಗುತ್ತದೆ. ಹಳೆಯ ಜಾಲವನ್ನು ಪರೀಕ್ಷಿಸಲು ನಮ್ಮ ಹಳೆಯ ವಿಧಾನವೇ ಸಾಕು. ನೀರು ಬಿಟ್ಟ ದಿನ ಒಂದು ವಾಲ್ವ್ ಮುಚ್ಚಿ, ಯಾವ ಯಾವ ಮನೆಗಳ ನಲ್ಲಿ ನಿಲ್ಲುತ್ತದೆ ಎಂದು ಮನೆ ಮನೆಗೆ ಹೋಗಿ ನೋಡಿ ಬರೆದುಕೊಳ್ಳಿ. ನಕ್ಷೆ ಹೇಳುವುದಕ್ಕೂ ನಲ್ಲಿ ಹೇಳುವುದಕ್ಕೂ ವ್ಯತ್ಯಾಸ ಬಂದ ಕಡೆ, ಯಾರಿಗೂ ತಿಳಿಯದ ಒಂದು ಅಡ್ಡ ಜೋಡಣೆ ಇರುತ್ತದೆ.

ಕೊನೆಯದಾಗಿ, ನೀರಿನ ಪೈಪೊಂದನ್ನೇ ನಕ್ಷೆ ಮಾಡಿ ನಿಲ್ಲಿಸಬೇಡಿ. ಯುಜಿಡಿ (ನೆಲದಡಿಯ ಒಳಚರಂಡಿ) ಇದ್ದರೆ ಅದನ್ನೂ ಸೇರಿಸಿ. ಅದು ಸುಲಭ, ಏಕೆಂದರೆ ಎರಡು ಮ್ಯಾನ್‌ಹೋಲ್‌ಗಳ ನಡುವೆ ಒಳಚರಂಡಿ ನೇರವಾಗಿಯೇ ಹೋಗುತ್ತದೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಉಳಿದ ಮೂರು ದಿನ ಪೈಪಿನೊಳಗೆ ಒತ್ತಡವಿರುವುದಿಲ್ಲ. ಆ ಹೊತ್ತಿನಲ್ಲಿ ಬಿರುಕಿನ ಮೂಲಕ ಸುತ್ತಲಿನ ಕೊಳಕು ಒಳಗೆ ಇಳಿಯುತ್ತದೆ, ಮರುದಿನ ಅದೇ ನೀರು ಮಕ್ಕಳ ಲೋಟಕ್ಕೆ ಬರುತ್ತದೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಪ್ರಾಯೋಗಿಕ ವಲಯಗಳಲ್ಲಿ 2008ರ ಹೊತ್ತಿಗೆ ದಿನದ 24 ಗಂಟೆ ನೀರು ಬಂದದ್ದರ ದೊಡ್ಡ ಲಾಭ ಅನುಕೂಲಕ್ಕಿಂತ ಹೆಚ್ಚಾಗಿ ಇದೇ, ಪೈಪು ಸದಾ ಒತ್ತಡದಲ್ಲಿದ್ದರೆ ಕೊಳಕು ಒಳಗೆ ಬರಲಾರದು. ನಿಮ್ಮ ಊರಿಗೆ ಅದು ಸದ್ಯಕ್ಕೆ ದೂರದ ಮಾತಾದರೂ, ನೀರಿನ ಪದರವನ್ನೂ ಯುಜಿಡಿ ಪದರವನ್ನೂ ಒಂದರ ಮೇಲೊಂದು ಇಟ್ಟು ಅವು ಎಲ್ಲೆಲ್ಲಿ ಹಾಯುತ್ತವೆ ಎಂದು ಕ್ಯೂಜಿಐಎಸ್‌ಗೆ ಕೇಳಿದರೆ ಕ್ಷಣದಲ್ಲಿ ಪಟ್ಟಿ ಬರುತ್ತದೆ. ಕಲುಷಿತ ನೀರಿನ ದೂರು ಬಂದ ದಿನ ಮೊದಲು ಅಗೆಯಬೇಕಾದ ಜಾಗಗಳು ಅವೇ.

ಬೇರೆ ಬೇರೆಯವರ ಪೈಪುಗಳು ಒಂದಕ್ಕೊಂದು ತಿಳಿಯದೆ ಪಕ್ಕಪಕ್ಕ ಇರುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಮೆಕ್ಸಿಕೊದ ಗ್ವಾದಲಹಾರ ನಗರದ ದುರಂತವನ್ನು ನಾವು ತರಬೇತಿಯಲ್ಲಿ ಉದಾಹರಿಸುತ್ತಿದ್ದೆವು. ಅಲ್ಲಿ ಸತುವಿನ ಲೇಪವಿದ್ದ ನೀರಿನ ಪೈಪನ್ನು ಪೆಟ್ರೋಲ್ ಪೈಪಿಗೆ ತೀರ ಹತ್ತಿರ ಹಾಕಿದ್ದರು. ಎರಡು ಲೋಹಗಳ ನಡುವಿನ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಪೆಟ್ರೋಲ್ ಪೈಪು ತೂತಾಗಿ, ಸೋರಿದ ಪೆಟ್ರೋಲ್ ಒಳಚರಂಡಿಗೆ ಸೇರಿ, 1992ರ ಏಪ್ರಿಲ್ 22ರಂದು ಕಿಲೋಮೀಟರುಗಟ್ಟಲೆ ಬೀದಿಗಳೇ ಸಿಡಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು.

---

ಉತ್ತರ 3: ಎಂ_ಬುಕ್

ನಾನು ನಗರ ಸ್ಥಳೀಯ ಸಂಸ್ಥೆಯೊಂದರ ಕಾಮಗಾರಿ ವಿಭಾಗದಲ್ಲಿದ್ದೇನೆ. ವರ್ಗವಾದ ಮೇಲೆ ನಕ್ಷೆ ಏನಾಗುತ್ತದೆ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಸೋಲುವುದು ಅಲ್ಲಿಯೇ.

ನಮ್ಮಲ್ಲಿ ಒಮ್ಮೆ ಹೊರಗಿನ ಸಂಸ್ಥೆಯಿಂದ ಇಡೀ ಊರಿನ ಜಾಲದ ನಕ್ಷೆ ಮಾಡಿಸಿದ್ದರು. ಕೆಲಸ ಚೆನ್ನಾಗಿಯೇ ಇತ್ತು. ಆದರೆ ಅದನ್ನು ಒಪ್ಪಿಸಿದ ಮಾರನೆಯ ದಿನದಿಂದ ಒಂದು ವಾಲ್ವನ್ನೂ ಯಾರೂ ಅದಕ್ಕೆ ಸೇರಿಸಲಿಲ್ಲ. ಮೂರು ವರ್ಷದಲ್ಲಿ ನಾಲ್ಕು ಬಡಾವಣೆಗಳಿಗೆ ಹೊಸ ಪೈಪು ಬಂತು, ನಕ್ಷೆಯಲ್ಲಿ ಅಲ್ಲಿ ಹೊಲಗಳೇ ಇದ್ದವು. ದುಡ್ಡು ಕೊಟ್ಟು ಒಮ್ಮೆ ಮಾಡಿಸುವುದು ಸುಲಭ, ಪ್ರತಿ ಅಗೆತವೂ ತಾನಾಗಿ ನಕ್ಷೆಗೆ ಬಂದು ಸೇರುವಂತೆ ಕಟ್ಟುಹಾಕುವುದು ಕಷ್ಟ.

ಅದಕ್ಕೆ ನಾನು ಕಂಡುಕೊಂಡ ದಾರಿಯೆಂದರೆ ನಕ್ಷೆಯನ್ನು ಬಿಲ್ಲಿಗೆ ಕಟ್ಟುವುದು. ಟೆಂಡರಿನ ಷರತ್ತಿನಲ್ಲಿ, ಪೈಪು ಹಾಕಿದ ಮೇಲೆ ಕಂದಕ ಮುಚ್ಚುವ ಮುನ್ನ ಪ್ರತಿ ಜೋಡಣೆ ಮತ್ತು ತಿರುವಿನಲ್ಲಿ ಅಳತೆಪಟ್ಟಿ ಕಾಣುವಂತೆ ಫೋಟೊ ತೆಗೆದು, ಸ್ಥಾನ ಮತ್ತು ಆಳ ದಾಖಲಿಸಿ ಒಪ್ಪಿಸತಕ್ಕದ್ದು ಎಂದು ಸೇರಿಸಿ. ಆ ದಾಖಲೆಯ ಸಂಖ್ಯೆಯನ್ನು ಎಂ ಬುಕ್ಕಿನಲ್ಲಿ (ಕಾಮಗಾರಿಯ ಅಳತೆ ಪುಸ್ತಕದಲ್ಲಿ) ಆ ಕೆಲಸದ ಪುಟದಲ್ಲೇ ಬರೆಯಿರಿ. ಸಂಖ್ಯೆ ಇಲ್ಲದಿದ್ದರೆ ಅಂತಿಮ ಬಿಲ್ಲು ಮುಂದೆ ಹೋಗಬಾರದು. ಗುತ್ತಿಗೆದಾರರು ಕೊನೆಯಲ್ಲಿ ಕೊಡುವ 'ಆ್ಯಸ್ ಬಿಲ್ಟ್' (ನಿಜವಾಗಿ ಹಾಕಿದಂತೆ ತೋರಿಸಬೇಕಾದ) ನಕ್ಷೆಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಹಲವು ಸಲ ಅದು ಟೆಂಡರಿನ ವಿನ್ಯಾಸದ ನಕ್ಷೆಯೇ ಆಗಿದ್ದು ತಲೆಬರಹ ಮಾತ್ರ ಬದಲಾಗಿರುತ್ತದೆ. ಕಂದಕ ತೆರೆದಿರುವ ಎರಡು ಗಂಟೆಯಲ್ಲಿ ನೀವೇ ಹೋಗಿ ಟೇಪು ಹಿಡಿಯುವುದಕ್ಕೆ ಪರ್ಯಾಯವಿಲ್ಲ. ಹಿಂದಿನ ಉತ್ತರದಲ್ಲಿ ಹೇಳಿದ ಎ ದರ್ಜೆ ಪುಕ್ಕಟೆಯಾಗಿ ಸಿಗುವ ಹೊತ್ತು ಅದೊಂದೇ.

ಸೋರಿಕೆ ದುರಸ್ತಿಯೂ ಅಂಥದೇ ಅವಕಾಶ. ಪ್ರತಿ ದುರಸ್ತಿಯ ಬಿಂದುವನ್ನು ದಿನಾಂಕದೊಡನೆ ಪ್ರತ್ಯೇಕ ಪದರದಲ್ಲಿ ಹಾಕುತ್ತ ಹೋಗಿ. ನಾವು ಒಂದೂವರೆ ವರ್ಷ ಹಾಗೆ ಮಾಡಿದ ಮೇಲೆ, ಊರಿನ ಅರ್ಧದಷ್ಟು ಸೋರಿಕೆ ಒಂದೇ ರಸ್ತೆಯ ಮುನ್ನೂರು ಮೀಟರಿನೊಳಗೆ ಬರುತ್ತಿರುವುದು ಕಣ್ಣಿಗೆ ಕಂಡಿತು. ಆ ತುಂಡನ್ನು ಬದಲಾಯಿಸಲು ಅನುದಾನ ಕೇಳುವಾಗ ನಾನು ಒಂದು ಮಾತೂ ಆಡಬೇಕಾಗಲಿಲ್ಲ, ಸಭೆಯ ಮೇಜಿನ ಮೇಲೆ ಆ ಹಾಳೆ ಹರಡಿದ್ದೇ ಸಾಕಾಯಿತು.

ಕೇಬಲ್‌ನವರ ವಿಚಾರಕ್ಕೆ ಬಂದರೆ, ಅಗೆಯುವ ಮುನ್ನ ನೆಲದಡಿಯ ಆಸ್ತಿಯ ಮಾಲೀಕರಿಗೆ ಮುನ್ಸೂಚನೆ ತಲುಪಿಸಲು ಕೇಂದ್ರ ದೂರಸಂಪರ್ಕ ಇಲಾಖೆಯ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ 2023ರ ಮಾರ್ಚ್ 22ರಿಂದ ಚಾಲ್ತಿಯಲ್ಲಿದೆ. ನಿಮ್ಮ ಪುರಸಭೆ ಅದರಲ್ಲಿ ಆಸ್ತಿ ಮಾಲೀಕನಾಗಿ ನೋಂದಾಯಿಸಿಕೊಂಡಿದೆಯೇ ಎಂದು ಮೊದಲು ನೋಡಿ. ನೋಂದಣಿಯೇ ಇಲ್ಲದಿದ್ದರೆ, ಅಗೆಯುವವನು ಪ್ರಾಮಾಣಿಕವಾಗಿ ಸೂಚನೆ ಕೊಟ್ಟರೂ ಅದು ನಿಮ್ಮ ಮೊಬೈಲಿಗೆ ಬರುವುದಿಲ್ಲ.

---

ಉತ್ತರ 4: ಡೆಲ್ಫ್ಟ್_ಕನ್ನಡಿಗ

ನಾನು ದಾವಣಗೆರೆಯವನು, ನೆದರ್ಲೆಂಡ್ಸ್‌ನಲ್ಲಿ ನೀರಿನ ಜಾಲಗಳ ದತ್ತಾಂಶದ ಕೆಲಸ ಮಾಡುತ್ತಿದ್ದೇನೆ. ಇಲ್ಲಿ 2008ರಿಂದ ಕಾನೂನೇ ಇದೆ. ಯಂತ್ರದಿಂದ ಅಗೆಯುವವರು ಕನಿಷ್ಠ ಮೂರು ಕೆಲಸದ ದಿನ ಮೊದಲು ಭೂದಾಖಲೆಗಳ ಸಂಸ್ಥೆಯಾದ ಕದಾಸ್ತರ್‌ಗೆ ತಿಳಿಸಬೇಕು. ಆ ಜಾಗದಲ್ಲಿ ಪೈಪು, ತಂತಿ ಹೂತಿರುವ ಎಲ್ಲರ ನಕ್ಷೆಗಳೂ ಒಟ್ಟಾಗಿ ಅವರ ಕೈಗೆ ಬರುತ್ತವೆ. ನಮ್ಮ ಊರುಗಳಿಗೆ ಆ ಇಡೀ ವ್ಯವಸ್ಥೆ ನಾಳೆಯೇ ಬರಲಾರದು. ಆದರೆ ಅದರ ಒಂದು ನಿಯಮವನ್ನು ನೀವು ಇಂದೇ ಎತ್ತಿಕೊಳ್ಳಬಹುದು. ನಕ್ಷೆಯಲ್ಲಿ ತೋರಿಸಿದ ಜಾಗಕ್ಕಿಂತ ಬೇರೆ ಕಡೆ ಪೈಪು ಸಿಕ್ಕರೆ, ಅಥವಾ ನಕ್ಷೆಯಲ್ಲಿಲ್ಲದ ಪೈಪು ಸಿಕ್ಕರೆ, ಅದನ್ನು ವರದಿ ಮಾಡುವುದು ಇಲ್ಲಿ ಅಗೆಯುವವನ ಕರ್ತವ್ಯ. ಹೀಗಾಗಿ ಊರಿನಲ್ಲಿ ನಡೆಯುವ ಪ್ರತಿ ಅಗೆತವೂ ನಕ್ಷೆಯ ಪರಿಶೀಲನೆಯಾಗುತ್ತದೆ. ರಸ್ತೆ ಅಗೆಯಲು ನೀವು ಕೊಡುವ ಅನುಮತಿ ಪತ್ರದಲ್ಲಿ ಇದನ್ನೊಂದು ಷರತ್ತಾಗಿ ಸೇರಿಸಲು ಯಾವ ಹೊಸ ಕಾನೂನೂ ಬೇಕಿಲ್ಲ. ನಿಮ್ಮ ಪೈಪನ್ನು ಒಡೆದ ಕೇಬಲ್‌ನವರ ಕಂದಕದಲ್ಲಿಯೇ ಎಷ್ಟು ಮಾಹಿತಿ ತೆರೆದು ಬಿದ್ದಿತ್ತು ಎಂದು ಯೋಚಿಸಿ.

ಇನ್ನೊಂದು ಎಚ್ಚರಿಕೆ. 2021ರ ಫೆಬ್ರವರಿ 15ರ ಭೂದತ್ತಾಂಶ ಮಾರ್ಗಸೂಚಿಗಳು ಭಾರತದ ಸಂಸ್ಥೆಗಳಿಗೆ ಸೂಕ್ಷ್ಮ ನಕ್ಷೆ ಮಾಡುವ ಸ್ವಾತಂತ್ರ್ಯ ಕೊಟ್ಟವು. ಆದರೆ ಅಡ್ಡಲಾಗಿ ಒಂದು ಮೀಟರ್ ಅಥವಾ ಎತ್ತರದಲ್ಲಿ ಮೂರು ಮೀಟರಿಗಿಂತ ಸೂಕ್ಷ್ಮವಾದ ದತ್ತಾಂಶವನ್ನು ಭಾರತದೊಳಗೇ ಇಡಬೇಕು, ಭಾರತದೊಳಗೇ ಸಂಸ್ಕರಿಸಬೇಕು ಎಂದೂ ಹೇಳಿದವು. ಟೇಪಿನ ಅಳತೆಯಿಂದ ನೀವು ಆ ಮಿತಿಯೊಳಗೇ ಬರುತ್ತೀರಿ. ಕ್ಯೂಫೀಲ್ಡ್‌ನ ಕಡತಗಳನ್ನು ಹೊರದೇಶದ ಉಚಿತ ಕ್ಲೌಡ್‌ಗೆ ಏರಿಸದೆ ಕೇಬಲ್ ಮೂಲಕವೇ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಳ್ಳಿ.

---

ಬಯಲುಸೀಮೆ_ಜೆಇ:

ಎಲ್ಲರಿಗೂ ತುಂಬು ಹೃದಯದ ಕೃತಜ್ಞತೆಗಳು. ಇಷ್ಟು ವಿವರವಾಗಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಹಿರಿಯರು ಹೇಳಿದಂತೆ ಆಟೊ ಮಾಡಿಕೊಂಡು, ನೀರು ಬಿಡುವ ದಿನ ಬೆಳಗಿನ ಐದು ಗಂಟೆಯಿಂದ ಕಾಕಾ ಅವರ ಜೊತೆ 7ನೇ ವಾರ್ಡನ್ನು ಸುತ್ತಿದೆ. ಹನ್ನೊಂದು ವಾಲ್ವುಗಳಲ್ಲಿ ನಾಲ್ಕು ಡಾಂಬರಿನ ಕೆಳಗಿವೆ, ಎರಡು ಉಲ್ಟಾ ತಿರುಗುತ್ತವೆ. ಒಂದು ಕಡೆ ನಾನು ಎಳೆದಿದ್ದ ಗೆರೆಯನ್ನು ಮೊಬೈಲಿನಲ್ಲಿ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, "ಇಲ್ಲವಾ ತಂಗಿ, ಈ ಪೈಪು ಮಸೂತಿ ದಾಟಿ ಬರೂದಿಲ್ಲ, ಹಿಂದಿನ ಓಣಿಯಿಂದ ಸುತ್ತಿ ಬರತದ" ಎಂದರು. ವಾಲ್ವ್ ಮುಚ್ಚಿ ನೋಡಿದೆವು. ಮಸೂತಿಯ ಮುಂದಿನ ನಲ್ಲಿಗಳು ನಿಲ್ಲಲಿಲ್ಲ, ಹಿಂದಿನ ಓಣಿಯವು ನಿಂತವು. ಆ ಗೆರೆಯನ್ನು ಅಲ್ಲಿಯೇ ಅಳಿಸಿ ಹೊಸದು ಎಳೆದೆ, ದರ್ಜೆ ಡಿ ಎಂದು ಬರೆದಿದ್ದೇನೆ.

ಒಂದು ಸಂದೇಹ ಉಳಿದಿದೆ. ಆಳವನ್ನು ರಸ್ತೆಯ ಮೇಲ್ಮೈಯಿಂದ ಅಳೆದು ಬರೆಯುತ್ತಿದ್ದೇನೆ. ಆದರೆ ಗಿರಣಿಯ ಬಳಿ ಕಂಡಂತೆ ಡಾಂಬರು ಪದರದ ಮೇಲೆ ಪದರ ಬರುತ್ತಿದ್ದರೆ ಈ ಅಳತೆ ಸುಳ್ಳಾಗುವುದಿಲ್ಲವೇ? ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತದೆ. ಅದರಿಂದ ಮಟ್ಟ ತೆಗೆದುಕೊಳ್ಳಬಹುದೇ?

---

ನಿವೃತ್ತ ನೀರು ಸರಬರಾಜು ಎಂಜಿನಿಯರ್:

ಸರಿಯಾದ ಸಂದೇಹ. ಆಳವನ್ನು ಮಾತ್ರ ಬರೆದರೆ ಮುಂದಿನ ಡಾಂಬರಿಗೆ ಅದು ಸುಳ್ಳಾಗುತ್ತದೆ, ಆದ್ದರಿಂದ ಪೈಪಿನ ನೆತ್ತಿಯ ಮಟ್ಟವನ್ನೂ ಬರೆಯಬೇಕು. ನಿಲ್ದಾಣದ ಫಲಕ ನಿಮಗೆ ಬೇಡ. ಅದರಲ್ಲಿರುವ ಅಂಕಿ ಫಲಕದ ಯಾವ ಬಿಂದುವಿಗೆ ಸೇರಿದ್ದೆಂದು ಯಾರೂ ಗುರುತು ಮಾಡಿರುವುದಿಲ್ಲ. ಪೈಪಿನ ಕೆಲಸಕ್ಕೆ ಊರೊಳಗಿನ ಒಂದೇ ಸ್ಥಿರ ಬಿಂದು ಸಾಕು. ನಿಮ್ಮ ಮೂರು ಓವರ್‌ಹೆಡ್ ಟ್ಯಾಂಕುಗಳಲ್ಲಿ ಹಳೆಯದರ ಅಡಿಪಾಯದ ಮೇಲೆ ಉಳಿಯಿಂದ ಒಂದು ಗುರುತು ಕೆತ್ತಿಸಿ, ಅದಕ್ಕೆ 100.000 ಮೀಟರ್ ಎಂದು ನೀವೇ ಮಟ್ಟ ಕೊಟ್ಟು, ಎರೆ ಮಣ್ಣು ಉಬ್ಬಿ ಕುಗ್ಗುವುದರಿಂದ ಆಳವಾದ ಅಡಿಪಾಯವಿರುವ ಇನ್ನೆರಡು ಕಟ್ಟಡಗಳಿಗೂ ಅಲ್ಲಿಂದ ಮಟ್ಟ ಒಯ್ದಿಡಿ. ಮಟ್ಟ ಅಳೆಯುವ ಲೆವೆಲ್ ಉಪಕರಣ ನಿಮ್ಮ ತಾಲ್ಲೂಕಿನ ಲೋಕೋಪಯೋಗಿ ಇಲಾಖೆಯ ಉಪವಿಭಾಗದಲ್ಲಿ ಸಿಗುತ್ತದೆ. ಮಸೂತಿಯ ಹಿಂದಿನ ಓಣಿಯ ಆ ತಿರುವಿನಲ್ಲಿ ಒಂದು ಪರೀಕ್ಷಾ ಗುಂಡಿ ಅಗೆಸಿ. ಮೂರು ಅಡಿ ಅಗೆದರೆ ನಿಮ್ಮ ಮೊದಲ ದಪ್ಪಗೆರೆ ಸಿಗುತ್ತದೆ.

---

ಬಯಲುಸೀಮೆ_ಜೆಇ:

ಗುರುವಾರ ಅಲ್ಲಿ ಗುಂಡಿ ತೆಗೆಸಿದೆವು. ಪೈಪಿನ ನೆತ್ತಿ ಡಾಂಬರಿನಿಂದ 94 ಸೆಂಟಿಮೀಟರ್ ಆಳದಲ್ಲಿ ಸಿಕ್ಕಿತು. ಆದರೆ ಅದು ಕಾಕಾ ಹೇಳಿದ್ದ ಎಸಿ ಪೈಪಲ್ಲ, ಸಿಐ (ಎರಕದ ಕಬ್ಬಿಣದ) ಪೈಪು. ಅವರಿಗೇ ಆಶ್ಚರ್ಯವಾಗಿ, ಗುಂಡಿಯ ಅಂಚಿನಲ್ಲಿ ಕುಳಿತು, ತಮ್ಮ ಗುರುಗಳ ಕಾಲದಲ್ಲಿ ಹಾಕಿದ್ದಿರಬಹುದು ಎಂದರು. ಟ್ಯಾಂಕಿನ ಅಡಿಪಾಯದ ಮೇಲೆ ಗುರುತು ಕೆತ್ತಿಸಿ ಆಗಿದೆ. ಲೆವೆಲ್ ಉಪಕರಣ ಸೋಮವಾರ ಬರುತ್ತದೆ, ಅಲ್ಲಿಯವರೆಗೆ ಗುಂಡಿಯನ್ನು ಮುಚ್ಚಿಸದೆ ಸುತ್ತ ಬೇಲಿ ಕಟ್ಟಿಸಿ ಕೆಂಪು ದೀಪ ಇರಿಸಿದ್ದೇನೆ.